ತಗಡಿನ ಬಸ್ಸು ಮಾಡಿದ ದುರುಗಪ್ಪ ಕಾಕಾ

ನಮ್ಮ ದುರುಗಪ್ಪ ಕಾಕಾ ಯಂತ್ರದ ಸಪ್ಪಳವನ್ನು ಹಲ್ಲಿನಿಂದ ಕೇಳುತ್ತಿದ್ದ. ಮೊಳದುದ್ದದ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ತಿರುಗುವ ಮೋಟಾರಿನ ಮೈಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅವನ ಕೆನ್ನೆ ಸಣ್ಣಗೆ ನಡುಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಹಿಡಿಯನ್ನು ಬಾಯಿಂದ ತೆಗೆದು, ಅಂಗಿಯ ತುದಿಗೆ ಒರೆಸಿ, ಎಡಗಡೆಯ ಬೇರಿಂಗ್ ಸವೆದಿದೆ ಎಂದೋ, ಬೆಲ್ಟು ಒಂದು ಕಡೆ ಎಳೆಯುತ್ತಿದೆ ಎಂದೋ ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಆಗಿರುತ್ತಿತ್ತು.

"ಕಿವಿ ಸುಳ್ಳ ಹೇಳತಾವ. ಹಲ್ಲಿಗೆ ಸುಳ್ಳ ಹೇಳಾಕ ಬರಂಗಿಲ್ಲ" ಎನ್ನುವುದು ಅವನ ಮಾತು.

ಅವನು ನನ್ನ ಅಪ್ಪನ ತಮ್ಮ. ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದ. ಅಪ್ಪ ಅದೇ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಅಪ್ಪನಿಗೆ ಚೀಲ ಹೊರುವುದು ಗೊತ್ತಿತ್ತು. ಕಾಕಾನಿಗೆ ಚೀಲ ಹೊರುವುದನ್ನು ತಪ್ಪಿಸುವುದು ಹೇಗೆಂದು ಗೊತ್ತಿತ್ತು. ಗೋದಾಮಿನ ಬಾಗಿಲಿಂದ ಲಾರಿಯವರೆಗೆ ಹಲಗೆಯ ಜಾರುಗಾಲುವೆಯೊಂದನ್ನು ಮಾಡಿಕೊಟ್ಟಿದ್ದ. ಹಮಾಲರು ಅದನ್ನು ‘ದುರುಗಪ್ಪನ ಕಾಲುವಿ’ ಎಂದು ಕರೆಯುತ್ತಿದ್ದರು.

ಕುಳ್ಳ ಮನುಷ್ಯ. ಹುಬ್ಬಿನ ಮೇಲೆ ಸದಾ ತೌಡಿನ ಧೂಳು. ಖಾಕಿ ಪ್ಯಾಂಟಿನ ಒಂದು ಕಿಸೆಯಲ್ಲಿ ನಟ್ಟು ಬೋಲ್ಟು, ಇನ್ನೊಂದರಲ್ಲಿ ಹುರಿದ ಶೇಂಗಾ. ಎರಡೂ ಕಿಸೆ ಅದಲು ಬದಲಾಗಿ, ನಮಗೆ ಶೇಂಗಾ ಕೊಡಲು ಹೋಗಿ ವಾಷರ್ ಕೊಟ್ಟದ್ದುಂಟು. ಯಾವುದನ್ನೂ ಬಿಸಾಡುತ್ತಿರಲಿಲ್ಲ. ಹರಿದ ಬೆಲ್ಟಿನ ತುಂಡು, ಸುಟ್ಟ ತಾಮ್ರದ ತಂತಿ, ಒಡೆದ ಕನ್ನಡಿ ಎಲ್ಲವೂ ಅವನ ಮನೆಯ ಅಟ್ಟದ ಮೇಲೆ ಹೋಗಿ ಕೂಡುತ್ತಿದ್ದವು.

ಅವನು ಜೋರಾಗಿ ಮಾತಾಡುತ್ತಿದ್ದ. ಮಿಲ್ಲಿನಲ್ಲಿ ದುಡಿಯುವವರೆಲ್ಲ ಜೋರಾಗಿಯೇ ಮಾತಾಡುತ್ತಾರೆ, ಆದ್ದರಿಂದ ನಮಗೆ ಯಾರಿಗೂ ಅದು ವಿಶೇಷವೆನ್ನಿಸಲಿಲ್ಲ. ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಯಾರು ಏನು ಕೇಳಿದರೂ ಸ್ವಲ್ಪ ತಡೆದು, ಅವರ ಮುಖ ನೋಡಿ, "ಆತು ತಗೋ" ಎನ್ನುತ್ತಿದ್ದ. ಆ ಒಂದು ಮಾತಿನ ಮೇಲೆ ಅವನಷ್ಟು ಒಳ್ಳೆಯವನು ಓಣಿಯಲ್ಲಿ ಇಲ್ಲವೆಂದು ಹೆಸರಾಗಿತ್ತು. ಒಮ್ಮೆ ಕ್ಷೌರದಂಗಡಿಯವನು ಹಿಂದಿನಿಂದ ಮೀಸೆ ಪೂರ್ತಿ ತೆಗೆಯಲೇ ಎಂದು ಕೇಳಿದ. ಕಾಕಾ ಅಭ್ಯಾಸದಂತೆ "ಆತು ತಗೋ" ಎಂದ. ಬೋಳು ತುಟಿಯಲ್ಲಿ ಮನೆಗೆ ಬಂದವನನ್ನು ಅವನ ಹೆಂಡತಿ, ನಮ್ಮ ಚಿಗವ್ವ, ಬಾಗಿಲಲ್ಲೇ ನಿಲ್ಲಿಸಿ ಯಾರು ಬೇಕಾಗಿತ್ತೆಂದು ಕೇಳಿದಳು. ಬಹಳ ದಿನ ಆ ಮಾತು ಹೇಳಿ ನಕ್ಕೆವು. ಅವನಿಗೆ ಕ್ಷೌರಿಕನ ಪ್ರಶ್ನೆ ಕೇಳಿಸಿರಲಿಲ್ಲ ಎನ್ನುವುದು ನಮ್ಮ ತಲೆಗೆ ಬರಲಿಲ್ಲ. ನನ್ನ ತಲೆಗಾದರೂ ಬರಬೇಕಿತ್ತು, ಯಾಕೆಂದರೆ ಮುಂದೆ ನನ್ನ ಕೆಲಸವೇ ಅದಾಯಿತು.

ಪಿಯುಸಿ ಮುಗಿಸಿ, ಒಂದು ವರ್ಷದ ತರಬೇತಿ ಪಡೆದು, ಕುಕನೂರಿನಲ್ಲಿ ಒಂದು ಸಂಸ್ಥೆ ನಡೆಸುತ್ತಿದ್ದ ಮಕ್ಕಳ ಕಿವಿ ತಪಾಸಣೆಯ ಕೇಂದ್ರಕ್ಕೆ ಸೇರಿದೆ. ಎರಡೇ ಕೋಣೆ. ಹೊರಗಿನ ಸಪ್ಪಳ ಬರದಂತೆ ಗೋಡೆಗೆ ಸ್ಪಂಜು ಬಡಿದಿದ್ದರು. ಸ್ಪಂಜು ಸಾಲದ ಕಡೆ ನಾವು ಕೌದಿ ಇಳಿಬಿಟ್ಟಿದ್ದೆವು. ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಕರೆದರೆ ತಿರುಗುವುದಿಲ್ಲ, ಮಾತು ಬಂದಿಲ್ಲ ಎನ್ನುತ್ತಿದ್ದರು.

ಸಣ್ಣ ಮಕ್ಕಳ ಪರೀಕ್ಷೆ ಹೀಗೆ. ಮಗು ತಾಯಿಯ ತೊಡೆಯ ಮೇಲೆ ಕೂಡುತ್ತದೆ. ಎದುರಿಗೆ ಮೇಜಿನ ಆಚೆ ನಾನು. ಮಗುವಿನ ಬಲಕ್ಕೆ ಒಂದು ಸ್ಪೀಕರು, ಅದರ ಮೇಲೆ ಕಪ್ಪು ಗಾಜಿನ ಪೆಟ್ಟಿಗೆ. ನಾನು ಗುಂಡಿ ಒತ್ತಿದರೆ ಸ್ಪೀಕರಿನಿಂದ ಸಪ್ಪಳ ಬರುತ್ತದೆ. ಮಗು ಆ ಕಡೆ ತಿರುಗಿದರೆ ಇನ್ನೊಂದು ಗುಂಡಿ ಒತ್ತುತ್ತೇನೆ, ಪೆಟ್ಟಿಗೆಯೊಳಗೆ ದೀಪ ಹತ್ತಿ ಆಟಿಕೆ ಕಾಣುತ್ತದೆ. ಆಟಿಕೆ ನೋಡುವ ಆಸೆಗೆ ಮಗು ಮುಂದಿನ ಸಪ್ಪಳಕ್ಕೂ ತಿರುಗುತ್ತದೆ. ಸಪ್ಪಳವನ್ನು ಸಣ್ಣದು ಮಾಡುತ್ತ ಹೋದರೆ ಅದಕ್ಕೆ ಎಷ್ಟು ಕೇಳುತ್ತದೆ ಎಂದು ಗೊತ್ತಾಗುತ್ತದೆ.

ನಾನು ‘ಕೇಳುವುದಿಲ್ಲ’ ಎಂದು ಬರೆದ ಮಕ್ಕಳನ್ನು ಹದಿನೈದು ದಿನಕ್ಕೊಮ್ಮೆ ಬರುವ ಮೇಡಂ ಇನ್ನೊಮ್ಮೆ ಪರೀಕ್ಷಿಸುತ್ತಿದ್ದರು. ಅವರು ಇದರಲ್ಲೇ ದೊಡ್ಡ ಓದು ಓದಿದವರು. ‘ಕೇಳುತ್ತದೆ’ ಎಂದು ಬರೆದ ಮಕ್ಕಳು ಮನೆಗೆ ಹೋಗುತ್ತಿದ್ದರು. ಅಂದರೆ ನಾನು ಒಂದು ಕಡೆ ತಪ್ಪಿದರೆ ತಿದ್ದುವವರಿದ್ದರು, ಇನ್ನೊಂದು ಕಡೆ ತಪ್ಪಿದರೆ ಯಾರೂ ಇರಲಿಲ್ಲ. ಆಗ ಅದು ನನಗೆ ಹೊಳೆದಿರಲಿಲ್ಲ.

ಗಂಗಾವತಿಯ ಮಿಲ್ಲು ಅಮಾವಾಸ್ಯೆಗೆ ರಜೆ. ಅಮಾವಾಸ್ಯೆಯ ದಿನ ಮಗುವಿನ ಪರೀಕ್ಷೆ ಮಾಡಿಸಬಾರದೆಂದು ನಮ್ಮ ಕೇಂದ್ರಕ್ಕೂ ಯಾರೂ ಬರುತ್ತಿರಲಿಲ್ಲ. ಅಂಥ ಒಂದು ದಿನ ಕಾಕಾ ನನ್ನ ಕೋಣೆಯ ಫ್ಯಾನಿನ ಕಿರಿಕಿರಿ ತಪ್ಪಿಸಲು ಬಂದ. ಫ್ಯಾನು ಮುಗಿಸಿ ಪೆಟ್ಟಿಗೆಯ ಕಡೆ ಕೈ ತೋರಿಸಿದ. ದೀಪ ಹಾಕಿ ತೋರಿಸಿದೆ. ಒಳಗೆ ತಾಳ ಬಡಿಯುವ ಪ್ಲಾಸ್ಟಿಕ್ ಮಂಗ ಹಲ್ಲು ಕಿರಿದುಕೊಂಡು ಕೂತಿತ್ತು. ಯಂತ್ರದ ಜೊತೆಗೇ ಬಂದದ್ದು. ಕೆಲವು ಮಕ್ಕಳು ಅದನ್ನು ನೋಡಿ ಚೀರುತ್ತಾರೆ, ಒಮ್ಮೆ ನೋಡಿದರೆ ಮತ್ತೆ ಆ ಕಡೆ ತಿರುಗುವುದೇ ಇಲ್ಲ ಎಂದು ಹೇಳಿದೆ.

"ನಮ್ಮ ಕಡೆ ಮಂಗ್ಯಾ ಅಂದ್ರ ಕೈಯಾಗಿನ ರೊಟ್ಟಿ ಕಸಗೊಂಡು ಹೋಗೂದು. ಅದನ್ನ ನೋಡಿ ಯಾವ ಕೂಸು ನಗತೈತಿ?" ಎಂದ ಕಾಕಾ.

ಮುಂದಿನ ಅಮಾವಾಸ್ಯೆಗೆ ಎಣ್ಣೆ ಡಬ್ಬಿಯ ತಗಡಿನಿಂದ ಮಾಡಿದ ಒಂದು ಬಸ್ಸು ತಂದ. ಕೆಂಪು ಬಣ್ಣ, ಕಿಟಕಿಗೆ ಹಳದಿ ಕಾಗದ, ಒಳಗೆ ಸಣ್ಣ ಬಲ್ಬುಗಳು. ಮುಂದೆ ‘ಗಂಗಾವತಿ–ಕುಕನೂರು’ ಎಂಬ ಬೋರ್ಡು. ಮೆಟ್ಟಿಲ ಮೇಲೆ ಒಬ್ಬ ಕಂಡಕ್ಟರನೂ ಜೋತು ಬಿದ್ದಿದ್ದ. ಗುಂಡಿ ಒತ್ತಿದರೆ ಕಿಟಕಿಗಳು ಒಂದಾದ ಮೇಲೆ ಒಂದು ಬೆಳಗುತ್ತಿದ್ದವು, ಸಪ್ಪಳವಿಲ್ಲದೆ. ಮಕ್ಕಳು ಹುಚ್ಚಾದರು. ಪರೀಕ್ಷೆ ಮುಗಿದರೂ ತಾಯಿಯ ತೊಡೆಯಿಂದ ಇಳಿಯುತ್ತಿರಲಿಲ್ಲ. ಮೇಡಂ ಕೂಡ ಮೆಚ್ಚಿ, ಕೇಂದ್ರದ ದಾಖಲೆಯಲ್ಲಿ ಬಸ್ಸಿನ ವಿಷಯ ಬರೆದರು.

ಆ ಬಸ್ಸು ಬಂದ ಹೊಸದರಲ್ಲೇ ಮಂಗಳೂರಿನ ಶಾಂತವ್ವ ತನ್ನ ಮಗಳು ಭೂಮಿಕಾಳನ್ನು ಕರೆತಂದಳು. ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಹುಡುಗಿಗೆ ಎರಡು ವರ್ಷ ತುಂಬಿತ್ತು, ‘ಅವ್ವ’ ಅನ್ನುವುದೂ ಬಂದಿರಲಿಲ್ಲ. ಪರೀಕ್ಷೆಯಲ್ಲಿ ಅಷ್ಟು ಚುರುಕಾಗಿ ತಿರುಗಿದ ಮಗುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅತಿ ಸಣ್ಣ ಸಪ್ಪಳಕ್ಕೂ ಪಟ್ಟನೆ ತಿರುಗಿದಳು. ‘ಕೇಳುತ್ತದೆ’ ಎಂದು ಬರೆದೆ. ಕೆಲವರಿಗೆ ಮಾತು ತಡವಾಗುತ್ತದೆ ಎಂದು ಹೇಳಿ ಕಳಿಸಿದೆ.

ಎಂಟು ತಿಂಗಳಾದ ಮೇಲೆ, ಒಂದು ಅಮಾವಾಸ್ಯೆಯ ದಿನ, ಶಾಂತವ್ವ ಮತ್ತೆ ಬಂದಳು. ಮಾತು ಇನ್ನೂ ಬಂದಿರಲಿಲ್ಲ. ಅತ್ತೆಗೆ ಹೇಳದೆ, ಇವತ್ತು ಗದ್ದಲ ಇರುವುದಿಲ್ಲವೆಂದು ಬಂದಿದ್ದಳು. ಕಾಕಾ ಬಸ್ಸಿನ ಸುಟ್ಟ ಬಲ್ಬು ಬದಲಿಸಿ, ಚಹಾ ಕುಡಿಯುತ್ತ, ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅವನಿಗೆ ನಾನೂ ಕಾಣುತ್ತಿದ್ದೆ, ಮಗುವೂ ಕಾಣುತ್ತಿತ್ತು.

ಹತ್ತು ಸಲ ಗುಂಡಿ ಒತ್ತಿದೆ. ಒಂಬತ್ತು ಸಲ ಭೂಮಿಕಾ ತಿರುಗಿದಳು. ಈ ಸಲವೂ ಪರೀಕ್ಷೆ ಚೆನ್ನಾಗಿಯೇ ಆಗಿದೆ, ಕಿವಿಗೆ ತೊಂದರೆಯಿಲ್ಲ ಎಂದು ಶಾಂತವ್ವನಿಗೆ ಹೇಳಿದೆ. ಆಗ ಕಾಕಾ ಎದ್ದು ನನ್ನ ಹೆಸರು ಹಿಡಿದು ಕರೆದ.

"ಹುಲಿಗಿ, ಇನ್ನೊಂದ ಸಲ ಮಾಡು."

ಯಾಕೆಂದು ಕೇಳಿದೆ. ಸುಮ್ಮನೆ ಮಾಡು ಎಂದು ಹೇಳಿ, ಯಂತ್ರದ ಹಿಂದೆ ಬಗ್ಗಿ, ಸ್ಪೀಕರಿನ ವಾಯರನ್ನು ಕಿತ್ತ. ಕಿತ್ತ ತುದಿಯನ್ನು ನನಗೆ ಕಾಣುವಂತೆ ಹಿಡಿದುಕೊಂಡು ನಿಂತ. ತಾಯಿಯ ಎದುರಿಗೆ ಇದೇನು ಹುಡುಗಾಟವೆಂದು ನನಗೆ ಸಿಟ್ಟು ಬಂತು. ಆದರೂ ಗುಂಡಿ ಒತ್ತಿದೆ. ಕೋಣೆಯಲ್ಲಿ ಒಂದು ಸಪ್ಪಳವೂ ಇರಲಿಲ್ಲ. ಭೂಮಿಕಾ ಪಟ್ಟನೆ ಬಲಕ್ಕೆ ತಿರುಗಿ, ಬಸ್ಸು ಬೆಳಗುವುದನ್ನೇ ಕಾಯತೊಡಗಿದಳು.

ಇನ್ನೊಮ್ಮೆ ಒತ್ತಿದೆ. ತಿರುಗಿದಳು. ಮೂರನೆಯ ಸಲವೂ ತಿರುಗಿದಳು.

ಏನಾಗುತ್ತಿದೆ ಎಂದು ತಿಳಿಯದ ಶಾಂತವ್ವ ಮಗಳ ನೆತ್ತಿ ಸವರಿ, "ಭಾಳ ಚುರುಕ ಅದಾಳ್ರಿ" ಎಂದಳು.

"ಆಕಿ ಸಪ್ಪಳ ಕೇಳಾಕತ್ತಿಲ್ಲ. ನಿನ್ನ ನೋಡಾಕತ್ತಾಳ" ಎಂದ ಕಾಕಾ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಒತ್ತೂಕಿಂತ ಮೊದಲ ನೀ ಉಸರ ಹಿಡೀತಿ. ಭುಜ ಎಳ್ಳಷ್ಟ ಮ್ಯಾಲ ಹೊಕ್ಕೈತಿ. ಒತ್ತಿದ ಮ್ಯಾಲ ಇಳೀತೈತಿ."

"ನಿನಗ ಹೆಂಗ ಗೊತ್ತಾತು?"

ಅವನು ವಾಯರನ್ನು ಬೆರಳಿಗೆ ಸುತ್ತುತ್ತಿದ್ದ. ಪೂರ್ತಿ ಸುತ್ತಿ, ಮತ್ತೆ ಬಿಚ್ಚಿದ.

"ನನಗೂ ಒಂದೂ ಕೇಳಿಲ್ಲ, ಹುಲಿಗಿ. ಹತ್ತಕ್ಕ ಹತ್ತೂ ನಾ ಹೇಳತಿದ್ದೆ."

ಮಿಲ್ಲಿನ ಸಪ್ಪಳದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೊದಲು ಸಣ್ಣ, ಚೂಪು ಸಪ್ಪಳಗಳು ಹೋಗುತ್ತವೆ ಎಂದು ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಒಂದೇ ಗೋಡೆಯ ಆಚೆ ಇದ್ದ ಮನುಷ್ಯನ ಮೇಲೆ ಅದನ್ನು ಹೊಂದಿಸಿ ನೋಡಿರಲಿಲ್ಲ. ಸ್ಕ್ರೂಡ್ರೈವರ್ ಕಚ್ಚಿದಾಗ ಅವನು ಕೇಳುತ್ತಿದ್ದುದಲ್ಲ, ನಡುಕವನ್ನು ಓದುತ್ತಿದ್ದ. ನಮ್ಮ ಮುಖ, ಭುಜ, ತುಟಿಗಳನ್ನೂ ಹಾಗೆಯೇ ಓದುತ್ತಿದ್ದ. ಓದಲು ಆಗದಾಗ "ಆತು ತಗೋ" ಎನ್ನುತ್ತಿದ್ದ.

ಶಾಂತವ್ವನಿಗೆ ಹೇಳಲೇಬೇಕಾಗಿತ್ತು. ಮಗುವಿಗೆ ಕೇಳಿಸುತ್ತಿಲ್ಲ ಎಂದು ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ಮತ್ತ ಆಗ ಕೇಳತೈತಿ ಅಂದಿದ್ರಲ್ರಿ."

"ತಪ್ಪು ನಂದ್ರಿ."

ಅವಳು ಬೈಯಲಿಲ್ಲ. ಮಗುವಿನ ಫ್ರಾಕಿನ ಗುಂಡಿ ಹಾಕುತ್ತ, ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕುತ್ತ, "ಕರದರ ತಿರುಗಿ ನೋಡಂಗಿಲ್ಲ, ಸೊಕ್ಕು ಅಂತ ಹೊಡದೀನ್ರಿ. ನೀವು ಕೇಳತೈತಿ ಅಂದಿದ್ರಿ ಅಂತ ಹೊಡದೀನಿ" ಎಂದಳು.

ಆ ಮಾತು ನನ್ನ ಹತ್ತಿರ ಇದೆ. ಅದನ್ನು ಇನ್ನೊಬ್ಬರಿಗೆ ದಾಟಿಸಿ ಹಗುರಾಗುವ ದಾರಿ ನನಗೆ ಗೊತ್ತಿಲ್ಲ.

ಮಾತು ಕಲಿಯುವುದಕ್ಕೆ ಒಂದು ವಯಸ್ಸಿದೆ. ಅದರಲ್ಲಿ ಎಂಟು ತಿಂಗಳನ್ನು ನಾನು ಕಳೆದಿದ್ದೆ. ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಭೂಮಿಕಾಳನ್ನು ಆ ವಾರವೇ ಕೊಪ್ಪಳಕ್ಕೆ, ಅಲ್ಲಿಂದ ಮುಂದಕ್ಕೆ ಕಳಿಸುವ ವ್ಯವಸ್ಥೆ ಮಾಡಿದರು. ನನಗೆ, ನೀನು ‘ಕೇಳುತ್ತದೆ’ ಎಂದು ಬರೆದ ಮಕ್ಕಳನ್ನೆಲ್ಲ ತಿರುಗಿ ಕರೆಸು ಎಂದರು. ಯಾವ ಯಂತ್ರದ ಮೇಲೆ ಪರೀಕ್ಷಿಸುವುದು ಎಂದು ಕೇಳಿದೆ. ಅದು ಸರಿಹೋಗುವವರೆಗೆ ಆ ಮಕ್ಕಳನ್ನು ತಾವೇ ನೋಡುವುದಾಗಿ ಹೇಳಿದರು.

ಸಂಜೆ ಕಾಕಾನನ್ನು ಬಸ್ ನಿಲ್ದಾಣಕ್ಕೆ ಕಳಿಸಲು ಹೋದೆ. ಅವನೂ ಮಂಕಾಗಿದ್ದ. ತಾನು ಬಸ್ಸನ್ನು ಅಷ್ಟು ಚಂದ ಮಾಡಬಾರದಿತ್ತು, ಆ ಆಸೆಗೇ ಹುಡುಗಿ ನನ್ನನ್ನು ಕಣ್ಣೆವೆ ಇಕ್ಕದೆ ನೋಡಿದಳು ಎಂದ. ಬಸ್ಸು ತೆಗೆದು ಬಿಡಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದ.

"ಬಸ್ಸು ಇರಲಿ. ನೀನು ಕಾಣಬಾರದು."

ಅಲ್ಲಿಂದ ಐದು ಅಮಾವಾಸ್ಯೆ ಅವನು ಕುಕನೂರಿಗೆ ಬಂದ. ಮಗುವಿನ ಜಾಗದಲ್ಲಿ ಅಂಗನವಾಡಿಯ ಸಣ್ಣ ಕುರ್ಚಿ ಹಾಕಿಕೊಂಡು, ಮೊಣಕಾಲು ಗದ್ದಕ್ಕೆ ಬಡಿಯುವಂತೆ ಅದರ ಮೇಲೆ ಕೂಡುತ್ತಿದ್ದ. ಅವನು ಮಾಡಿದ ನಿಯಮ ಒಂದೇ: ನಾನು ಯಾವಾಗ ಸಪ್ಪಳ ಬಿಟ್ಟೆ ಎಂದು ಅವನಿಗೆ ಗೊತ್ತಾಗಬಾರದು. ಗೊತ್ತಾದರೆ ಕೈ ಎತ್ತಿ "ಡಬ್ಬಿ ಫೇಲ್" ಎನ್ನುತ್ತಿದ್ದ.

ಮೊದಲ ಸಲ ಮೇಜಿನ ಮೇಲೆ ಹಲಗೆಯ ಮರೆ ನಿಲ್ಲಿಸಿದ. ನಾನು ಮಗುವನ್ನು ನೋಡಲು ಟ್ರ್ಯಾಕ್ಟರಿನ ಪಕ್ಕದ ಕನ್ನಡಿಯೊಂದನ್ನು ಗೋಡೆಗೆ ಬಡಿದ. ಕನ್ನಡಿಯಲ್ಲಿ ನನಗೆ ಅವನು ಕಂಡರೆ, ಅವನಿಗೆ ನಾನೂ ಕಂಡೆ. ಡಬ್ಬಿ ಫೇಲ್. ಕನ್ನಡಿಯ ಮುಂದೆ ನನ್ನ ಕಡೆ ಕತ್ತಲು ಮಾಡಿ, ಮಗುವಿನ ಕಡೆ ಬೆಳಕು ಬಿಟ್ಟ. ಆಮೇಲೆ ನನ್ನ ಬಳೆ ಹಲಗೆಗೆ ತಾಗಿ ನಡುಗುವುದನ್ನು ಹಿಡಿದ. ಕೈಯ ಗುಂಡಿಯನ್ನೇ ತೆಗೆದುಹಾಕಿ, ಹೊಲಿಗೆ ಯಂತ್ರದ ಹಾಗೆ ಕಾಲಿನಲ್ಲಿ ಒತ್ತುವ ಪೆಡಲು ಮಾಡಿದ. ಅದರ ಕೆಳಗೆ ಮಿಲ್ಲಿನ ಹಳೆಯ ಬೆಲ್ಟಿನ ರಬ್ಬರು ಹಾಸಿದ. ಮುಂದಿನ ಅಮಾವಾಸ್ಯೆಗೆ ಮೊಣಕೈಯನ್ನು ಮೇಜಿಗೆ ಊರಿ ಕೂತು, ಮತ್ತೆ ಹತ್ತಕ್ಕೆ ಏಳು ಸರಿ ಹೇಳಿದ. ಯಂತ್ರದ ಒಳಗಿನ ಸ್ವಿಚ್ಚು ಬೀಳುವಾಗಿನ ಸಣ್ಣ ಏಟು ಮೇಜಿನ ಮರದಲ್ಲಿ ಹರಿದು ಅವನ ಮೂಳೆಗೆ ಮುಟ್ಟುತ್ತಿತ್ತು. ಯಂತ್ರಕ್ಕೆ ಬೇರೆಯೇ ಸ್ಟ್ಯಾಂಡು ಮಾಡಿ, ಭತ್ತದ ಹೊಟ್ಟು ತುಂಬಿದ ಚೀಲದ ಮೇಲೆ ಕೂಡಿಸಿದ.

ನಾಲ್ಕನೆಯ ಸಲ ಚಿಗವ್ವನನ್ನೂ ಕರೆತಂದ. ತಾಯಿಯ ಜಾಗದಲ್ಲಿ ಅವಳು ಬೇಕಾಗಿದ್ದಳು. ಒಂದೇ ಬೆಂಚಿನ ಮೇಲೆ ಅವಳಿಗೆ ಅಂಟಿ ಕೂತ. ಪೆಡಲು ಒತ್ತಿದಾಗಲೆಲ್ಲ ಕೈ ಎತ್ತಿದ. ನಮಗೆ ಕಾರಣ ತಿಳಿಯಲಿಲ್ಲ. ಅವನೇ ಹೇಳಿದ. "ಸಪ್ಪಳ ಬಂದ ಕೂಡಲೆ ನಿಮ್ಮ ಚಿಗವ್ವ ಗಟ್ಟಿ ಆಗತಾಳ."

ಚಿಗವ್ವ ಸೆರಗು ಸರಿ ಮಾಡಿಕೊಂಡು, "ಮೂವತ್ತ ವರ್ಷದಾಗ ನನ್ನ ಕಡೆ ಇಷ್ಟ ಲಕ್ಷ್ಯ ಕೊಟ್ಟಿದ್ದು ಇವತ್ತ ನೋಡವಾ" ಎಂದಳು.

ತಾಯಿಗೆ ಸಪ್ಪಳ ಕೇಳಿದರೆ ಅವಳ ತೊಡೆ ಬಿಗಿಯುತ್ತದೆ, ತೊಡೆಯ ಮೇಲಿನ ಮಗುವಿಗೆ ಅದೇ ಸಾಕು. ಅಂದಿನಿಂದ ಪರೀಕ್ಷೆಯ ಹೊತ್ತಿಗೆ ತಾಯಂದಿರ ಕಿವಿಗೆ ಹೆಡ್‌ಫೋನ್ ಹಾಕಿ, ಜೋರಾಗಿ ಭಜನೆ ಪದ ಕೇಳಿಸುತ್ತೇವೆ. ಮೂರು ದಾಟಿದ ಮಕ್ಕಳಿಗೆ ಹಾಕುವ ಹೆಡ್‌ಫೋನಿಗೂ ಚಿಗವ್ವನೇ ದಾರಿ ಹೇಳಿದಳು. ದೊಡ್ಡವರ ಅಳತೆಯ ಅದು ಮಕ್ಕಳ ಕೆನ್ನೆಗೆ ಜಾರುತ್ತಿತ್ತು, ಕಬ್ಬಿಣದ ಪಟ್ಟಿ ಕಂಡರೆ ಅಳುತ್ತಿದ್ದವು. ಅವಳು ಕುಲಾವಿ ಹೊಲಿದಳು, ಹುಟ್ಟಿದಾಗಿನಿಂದ ತಲೆಗೆ ಕಟ್ಟಿಸಿಕೊಂಡು ರೂಢಿಯಾದ ಬಟ್ಟೆ. ಅದರ ಎರಡೂ ಕಡೆ ಕಾಕಾ ಹೆಡ್‌ಫೋನಿನ ಬಟ್ಟಲುಗಳನ್ನು ಕೂಡಿಸಿದ. ಬಟ್ಟೆ ಕಿವಿಗೆ ಅಡ್ಡ ಬಂದರೆ ಲೆಕ್ಕ ತಪ್ಪುತ್ತದೆ ಎಂದು ಮೇಡಂ ಎರಡು ಸಲ ವಾಪಸು ಕೊಟ್ಟರು. ಮೂರನೆಯ ಸಲ ಅಳತೆಯ ಯಂತ್ರ ಹಿಡಿದು ನೋಡಿ ಒಪ್ಪಿದರು.

ಐದನೆಯ ಅಮಾವಾಸ್ಯೆಗೆ ಕಾಕಾ ಅರ್ಧ ಗಂಟೆ ಕುರ್ಚಿಯ ಮೇಲೆ ಕೂತ. ಕಣ್ಣು ಕಿರಿದು ಮಾಡಿ ಹಲಗೆ ನೋಡಿದ, ಕನ್ನಡಿ ನೋಡಿದ, ಅಂಗೈಯನ್ನು ಮೇಜಿಗೆ ಒತ್ತಿದ, ಚಪ್ಪಲಿ ಕಳಚಿ ಪಾದವನ್ನು ನೆಲಕ್ಕೆ ಊರಿದ. ಕೈ ಎತ್ತಿದಾಗ ಸಪ್ಪಳವಿರಲಿಲ್ಲ. ಸಪ್ಪಳವಿದ್ದಾಗ ಕೈ ಎತ್ತಲಿಲ್ಲ. ಕೊನೆಗೆ ಸಾಕೆಂದು ಎದ್ದು ನಿಂತ. ಮುಖ ಅರಳಿತ್ತು.

"ಇವತ್ತ ನಾ ಪೂರಾ ಕಿವುಡಾದೆ" ಎಂದ.

ನಾನು ‘ಕೇಳುತ್ತದೆ’ ಎಂದು ಬರೆದ ಮಕ್ಕಳಲ್ಲಿ ಮೇಡಂ ಇನ್ನೂ ನೋಡದೆ ಉಳಿದವರನ್ನು ಆಮೇಲೆ ಆ ಕುರ್ಚಿಯ ಮೇಲೆ ಕೂಡಿಸಿದೆವು. ಕುಷ್ಟಗಿ ಕಡೆಯ ಒಬ್ಬ ಹುಡುಗ ಸಿಕ್ಕ. ಅವನೂ ನನ್ನ ಭುಜ ಓದಿ ಮನೆಗೆ ಹೋದವನೇ.

ಮೇಡಂ ಕಾಕಾನ ಕಿವಿಯನ್ನೂ ಪರೀಕ್ಷಿಸಲು ಕರೆದರು. ಅವನು ಬಹಳ ದಿನ ಒಪ್ಪಲಿಲ್ಲ. ಕಿವುಡ ಫಿಟ್ಟರ್ ಎಂದು ಗೊತ್ತಾದರೆ ಮಿಲ್ಲಿನವರು ಗೇಟಿನ ಹೊರಗೆ ನಿಲ್ಲಿಸುತ್ತಾರೆ ಎನ್ನುವುದು ಅವನ ಭಯ. ಆ ಭಯವನ್ನು ಹನ್ನೆರಡು ವರ್ಷ ಹೊತ್ತು ತಿರುಗಿದ್ದ. ಆ ದಿನ ನನ್ನ ಕೋಣೆಯಲ್ಲಿ ವಾಯರು ಹಿಡಿದು ನಿಂತಾಗ ಅವನು ಬಿಟ್ಟುಕೊಟ್ಟದ್ದು ಅದನ್ನೇ ಎಂದು ನನಗೆ ತಡವಾಗಿ ತಿಳಿಯಿತು. ಕೊನೆಗೆ ತಾನೇ ಹೋಗಿ ಸಾಹುಕಾರರಿಗೆ ಹೇಳಿದ. ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತಿ, ಇದರಲ್ಲಿ ಹೊಸದೇನು ಎಂದರಂತೆ. ಹಮಾಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಅವನನ್ನು ಹಿಂದಿನಿಂದ ಕರೆಯುತ್ತಿರಲಿಲ್ಲ, ಎದುರಿಗೆ ಬಂದು ನಿಂತು ಮಾತಾಡುತ್ತಿದ್ದರು.

"ಅವರಿಗೆ ಗೊತ್ತಿಲ್ಲಂತ ನಾ ಅನ್ಕೊಂಡಿದ್ದೆ. ಅವರಿಗೆ ಗೊತ್ತೈತಂತ ನನಗ ಗೊತ್ತಾಗಬಾರದಂತ ಅವರು ಸುಮ್ನಿದ್ರು" ಎಂದು ನನಗೆ ಹೇಳಿದ.

ಕಿವಿಯ ಯಂತ್ರ ಹಾಕಿಸಿಕೊಂಡ. ಹದಿನೈದು ದಿನ ಹಾಕಿ ತೆಗೆದಿಟ್ಟ. ಮಂದಿ ಇಷ್ಟು ಮಾತಾಡುತ್ತಾರೆಂದು ತನಗೆ ಗೊತ್ತಿರಲಿಲ್ಲ ಎಂದ.

ಭೂಮಿಕಾ ಯಂತ್ರ ಹಾಕಿಸಿಕೊಂಡು, ಮಾತಿನ ಪಾಠ ಶುರು ಮಾಡಿ, ಒಂದು ವರ್ಷದ ಮೇಲೆ ನಮ್ಮ ಕೋಣೆಗೆ ಬಂದಳು. ಆ ದಿನ ಕಾಕಾನೂ ಇದ್ದ. ಹಲಗೆಯ ಹಿಂದೆ ಕೂತು ಪೆಡಲು ಒತ್ತಿದೆ. ಕನ್ನಡಿಯಲ್ಲಿ ಅವಳು ಕದಲಲಿಲ್ಲ. ಸಪ್ಪಳ ಹೆಚ್ಚು ಮಾಡಿದೆ. ಮೂರನೆಯ ಸಲ ಹುಬ್ಬು ಗಂಟಿಕ್ಕಿ, ಅನುಮಾನಿಸುತ್ತ, ತಡವಾಗಿ ಬಲಕ್ಕೆ ತಿರುಗಿದಳು. ಮೊದಲಿನ ಚುರುಕು ಇರಲಿಲ್ಲ. ಬಸ್ಸು ಬೆಳಗಿತು. ಗೋಡೆಯ ಬದಿಯಿಂದ ಕಾಕಾ, "ಹಾಂ. ಇದು ಖರೆ" ಎಂದ.

ಶಾಂತವ್ವನ ಕಿವಿಯಲ್ಲಿ ಭಜನೆ ಪದ ನಡೆದಿತ್ತು. ಅವಳಿಗೆ ಏನೂ ಗೊತ್ತಾಗಲಿಲ್ಲ. ಎದ್ದು ಹೋಗಿ ಅವಳ ಹೆಡ್‌ಫೋನ್ ತೆಗೆದು ಹೇಳಿದೆ. ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಈಗಲೂ ಮಗಳನ್ನು ನನ್ನ ಹತ್ತಿರವೇ ಕರೆತರುತ್ತಾಳೆ.

ಕಳೆದ ವರ್ಷ ಕಾಕಾನಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ತೌಡಿನ ಧೂಳು ಎದೆಯಲ್ಲಿ ಕೂತಿದೆ ಎಂದರು. ಗಂಗಾವತಿಯ ಆಸ್ಪತ್ರೆಗೆ ಸೇರಿಸಿದ್ದರು. ಮಧ್ಯಾಹ್ನ ನಾನು ಹೋದಾಗ ಡಾಕ್ಟರು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದು ಹೇಳಿದರು. ಮುಖ ತೊಳೆದುಕೊಂಡು ಒಳಗೆ ಹೋದೆ. ಮೂಗಿಗೆ ನಳಿಕೆ ಹಾಕಿದ್ದರು. ಮೀಸೆ ನರೆತಿತ್ತು, ಹುಬ್ಬಿನ ಮೇಲೆ ತೌಡಿರಲಿಲ್ಲ. ಅದೊಂದು ಇಲ್ಲದೆ ಬೇರೆ ಯಾರೋ ಎನ್ನಿಸುತ್ತಿದ್ದ. ಬಸ್ಸಿನ ಬಲ್ಬು ಸರಿ ಇವೆಯೇ ಎಂದು ಕೇಳಿದ. ಇವೆ ಎಂದೆ. ಅವನಿಗೆ ಕಾಣುವಂತೆ ಎದುರಿಗೆ ಕೂತು, ತುಟಿ ಬಿಡಿಸಿ, ನಿಧಾನವಾಗಿ ಹೇಳಿದೆ.

"ಆರಾಮಾಗತಿ ಕಾಕಾ. ಅಮಾಸಿಗೆ ಕುಕನೂರಿಗೆ ಬರತಿ."

ಅವನು ನನ್ನ ತುಟಿ ನೋಡುತ್ತಿರಲಿಲ್ಲ.

"ಉಸರ ಹಿಡದಿ, ಹುಲಿಗಿ" ಎಂದ.

ಅವನು ನನ್ನ ಕೈ ಮೇಲೆ ಎರಡು ಸಲ ತಟ್ಟಿ, "ಆತು ತಗೋ" ಎಂದ. ಐದರ ಬಸ್ಸು ತಪ್ಪುತ್ತದೆ ಹೋಗು ಎಂದ. ಹೋದೆ. ಮೂರನೆಯ ದಿನ ಚಿಗವ್ವನ ಫೋನ್ ಬಂತು.

ಈ ವರ್ಷ ಸಂಸ್ಥೆಯವರು ಹೊಸ ಯಂತ್ರ ಕೊಟ್ಟಿದ್ದಾರೆ. ಮೇಜು, ಪೆಟ್ಟಿಗೆ, ಗುಂಡಿ ಎಲ್ಲ ಅದರ ಜೊತೆಗೇ ಬಂದಿವೆ, ನೋಡಲು ಅಚ್ಚುಕಟ್ಟಾಗಿದೆ. ಅದನ್ನು ಬಳಸುವುದಕ್ಕೆ ಮೊದಲು, ಅಮಾವಾಸ್ಯೆಯ ದಿನ, ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ತಾಯಂದಿರ ಹೆಡ್‌ಫೋನ್ ಹಾಕಿ, ಭಜನೆ ಪದ ಜೋರು ಮಾಡಿ, ಆ ಸಣ್ಣ ಕುರ್ಚಿಯ ಮೇಲೆ ನಾನು ಕೂತೆ. ನನ್ನ ಜೊತೆ ಕೆಲಸ ಮಾಡುವ ಸಾವಿತ್ರಿಗೆ ಗುಂಡಿ ಒತ್ತಲು ಹೇಳಿದೆ. ಐದು ಸಲ ನನಗೆ ಏನೂ ತಿಳಿಯಲಿಲ್ಲ. ಆರನೆಯ ಸಲ ಸಿಕ್ಕಿತು. ಒತ್ತುವ ಮೊದಲು ಅವಳು ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಾಳೆ, ಒಂದು ಎಳ್ಳಿನಷ್ಟು. ಆಮೇಲಿನವೆಲ್ಲ ಹೇಳಿದೆ, ಒಂದೂ ತಪ್ಪಲಿಲ್ಲ.

ಕೈ ಎತ್ತಿ "ಡಬ್ಬಿ ಫೇಲ್" ಎಂದೆ. ಸಾವಿತ್ರಿ ಹೊಸಬಳು, ಅವಳಿಗೆ ಅರ್ಥವಾಗಲಿಲ್ಲ. ಮರುದಿನ ಬಡಿಗೇರನನ್ನು ಕರೆಸಿ, ಹಳೆಯ ಹಲಗೆಯನ್ನು ಹೊಸ ಮೇಜಿಗೆ ಕೂಡಿಸಲು ಹೇಳಿದೆ.